ನೀಲಾವತಿಯ ಮೊದಲ ಪ್ರಶ್ನೆ

ನೀಲಾವತಿ ಮಾತಿಗೆ ನಿಂತರೆ ಕೂತವರೆಲ್ಲ ತಮಗೇ ತಿಳಿಯದಂತೆ ಮುಂದಕ್ಕೆ ಬಾಗುತ್ತಿದ್ದರು. ಹುಟ್ಟಿನಿಂದಲೂ ಕಣ್ಣು ಕಾಣದ ಅವಳಿಗೆ ಅದು ಗೊತ್ತಿರಲಿಲ್ಲ. ನನಗೆ ಕಾಣುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು. ಅಂಗವಿಕಲರಿಗೆ ಅವರ ಹಕ್ಕುಗಳನ್ನು ತಿಳಿಸಿಕೊಡುವ ಸಂಘವನ್ನು ಕಟ್ಟಿದವಳು ನಾನು. ಪೋಲಿಯೋ ತಿಂದ ಕಾಲೆಳೆದುಕೊಂಡು, ಊರುಗೋಲಿನ ಮೇಲೆ ಊರೂರು ಅಲೆದವಳು ನಾನು. ನನ್ನ ಮಾತಿಗೆ ಜನ ತಲೆದೂಗುತ್ತಿದ್ದರು, ನಡುನಡುವೆ ಆಕಳಿಸುತ್ತಿದ್ದರು. ನಿನ್ನೆ ಮೊನ್ನೆ ಬಂದ ಇವಳಿಗೆ ಬಾಗುತ್ತಿದ್ದರು.

ಆ ವರ್ಷ ದೊಡ್ಡದೊಂದು ಅನುದಾನ ಬರುವುದಿತ್ತು. ತರಬೇತಿಗೆ, ಹಳ್ಳಿಹಳ್ಳಿಯ ಜನರನ್ನು ತಲುಪುವುದಕ್ಕೆ, ಸಂಶೋಧನೆಗೆ. ತರಬೇತಿಗೆ ಒಬ್ಬರೇ ಮುಖ್ಯಸ್ಥರಿರಬೇಕು, ತರಗತಿ ನೋಡಿ ಆರಿಸುತ್ತೇವೆ ಎಂದು ಅನುದಾನ ಕೊಡುವವರು ಹೇಳಿ ಕಳಿಸಿದ್ದರು. ಆ ಜಾಗ ನನಗೆ ಬೇಕಿತ್ತು. ಬೇರೆ ಯಾರಿಗೆ ಹೋದರೂ ಸಹಿಸಿಕೊಂಡೇನು, ಇವಳಿಗೆ ಮಾತ್ರ ಹೋಗಕೂಡದು ಅಂದುಕೊಂಡಿದ್ದೆ.

ಅವರ ಕಡೆಯ ಅತಿಥಿಗಳು ತರಗತಿ ನೋಡಲು ಬಂದ ಸಂಜೆ ಮೊದಲು ನಾನು ಮಾತಾಡಿದೆ, ಚೆನ್ನಾಗಿಯೇ. ಆಮೇಲೆ ನೀಲಾವತಿ ಎದ್ದಳು. ತನ್ನನ್ನು ಹತ್ತಿಸಿಕೊಳ್ಳದ ಬಸ್ಸಿನ ಕಂಡಕ್ಟರನ ಜೊತೆ ಜಗಳವಾಡಿ ಗೆದ್ದ ಕತೆ ತೆಗೆದಳು. ಪಕ್ಕದಲ್ಲಿ ನಿಂತ ಫಿಲೋಮಿನಾ, ಕಿವಿ ಕೇಳದವರಿಗಾಗಿ ಅದನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದಳು.

ಅಷ್ಟರಲ್ಲಿ ಕರೆಂಟು ಹೋಯಿತು. ನೀಲಾವತಿಗೆ ಗೊತ್ತಾಗಲಿಲ್ಲ, ಅದೇ ಉತ್ಸಾಹದಲ್ಲಿ ಮುಂದುವರಿದಳು. ತಡೆಯಲು ಧೈರ್ಯ ಸಾಲದೆ ಫಿಲೋಮಿನಾ ಮಬ್ಬುಗತ್ತಲಲ್ಲೇ ಕೈಯಾಡಿಸುತ್ತಿದ್ದಳು. ಹಿಂದಿನ ಸಾಲಿನಲ್ಲಿ ಕಿವಿ ಕೇಳದವರು ಬಾಗಿದ್ದರು, ಕತ್ತು ಉದ್ದ ಮಾಡಿ ಅವಳ ಬೆರಳು ಹುಡುಕುತ್ತ.

ಒಳಗೊಳಗೇ ಹಿಗ್ಗಿದೆ. ಅತಿಥಿಗಳಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದೆ.

"ಸ್ವಲ್ಪ ನಿಲ್ಸು ನೀಲಾ. ಕರೆಂಟು ಹೋಗಿ ಆಗ್ಲೇ ಎಷ್ಟೋ ಹೊತ್ತಾಯ್ತು. ಕಿವಿ ಕೇಳದೋರಿಗೆ ಏನು ತಿಳಿಯುತ್ತೆ?"

ಅವಳು ಗಕ್ಕನೆ ನಿಂತಳು. ಮುಗೀತು ಇವಳ ಕತೆ ಅಂದುಕೊಂಡೆ.

"ಅಯ್ಯೋ! ನನಗೆಲ್ಲಿ ಗೊತ್ತಾಗ್ಬೇಕಕ್ಕ? ಒಳ್ಳೇದಾಯ್ತು ನೀವು ಹೇಳಿದ್ದು," ಎಂದಳು. "ಫಿಲೋಮಿನಾ, ಎಲ್ರನ್ನೂ ಅಂಗಳಕ್ಕೆ ಕರ್ಕೊಂಡು ಬಾ. ಮೊದ್ಲಿಂದ ಹೇಳ್ತೀನಿ."

ಅಂಗಳದಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಕತೆ ಮೊದಲಿಂದ ಶುರುವಾಯಿತು. ಈ ಸಲ ಅತಿಥಿಗಳೂ ಬಾಗಿದರು.

ತರಬೇತಿ ಅವಳ ಪಾಲಾಯಿತು. "ನಿಮ್ಮ ಅನುಭವ ಸಂಶೋಧನೆಗೆ ಬೇಕು," ಎಂದು ನನ್ನನ್ನು ಸಮಾಧಾನಪಡಿಸಿದರು. ನಗುನಗುತ್ತ ಒಪ್ಪಿಕೊಂಡೆ, ಮನೆಗೆ ಹೋಗಿ ಊಟ ಬಿಟ್ಟೆ.

ತರಬೇತಿಗೆ ಬಂದವರ ಕಷ್ಟಸುಖ ಕೇಳಿಕೊಳ್ಳುವುದೇ ಸಂಶೋಧನೆಯ ಕೆಲಸವಾದ್ದರಿಂದ ಪ್ರತಿ ಊರಿಗೂ ಅವಳ ಹಿಂದೆಯೇ ಹೋಗಬೇಕಾಯಿತು. ನೀಲಾವತಿ ಹೊಸ ಪದ್ಧತಿಯೊಂದನ್ನು ತಂದಿದ್ದಳು. ಮಾತಿಗೆ ಮೊದಲು, "ಅಕ್ಕ, ಬೆಳಕಿದೆಯಾ?" ಎಂದು ನನ್ನತ್ತ ಮುಖ ತಿರುಗಿಸಿ ಕೇಳುವಳು. ಎಂಥಾ ಹೆಣ್ಣುಮಗಳಪ್ಪ, ಎಲ್ಲರ ಬಗ್ಗೆಯೂ ಎಷ್ಟು ಯೋಚನೆ ಎಂದು ಜನ ಕೊಂಡಾಡುವರು. ಅವಳನ್ನು ಬೀಳಿಸಲು ನಾನಾಡಿದ ಮಾತೂ ಅವಳ ಹೆಸರಿಗೇ ಜಮೆಯಾಯಿತು.

ಒಂದೂರಿನ ಶಾಲೆಯಲ್ಲಿ, ನಡುಮಧ್ಯಾಹ್ನ, ಕಿಟಕಿಗಳೆಲ್ಲ ತೆರೆದಿದ್ದವು. "ಬೆಳಕಿದೆಯಾ?" ಎಂದು ಕೇಳಿದಳು. ಹೊಟ್ಟೆಕಿಚ್ಚಿಗೆ ನಾನು ಬಾಯಿ ಬಿಡಲಿಲ್ಲ. "ಇದೆ, ಇದೆ," ಎಂದು ಕೂತವರೆಲ್ಲ ಕೂಗಿದರು. ಅವಳು ಸರಿ ಎಂಬಂತೆ ತಲೆಯಾಡಿಸಿದಳು, ಆದರೂ ಶುರು ಮಾಡಲಿಲ್ಲ. ಮುಖ ನನ್ನ ಕಡೆಗೇ ಇತ್ತು. ಫಿಲೋಮಿನಾಳ ಕೈಗಳು ಮೇಲೆದ್ದು ಹಾಗೇ ನಿಂತಿದ್ದವು. ಇಡೀ ಕೋಣೆ ತಿರುಗಿ ನನ್ನ ಕಡೆಗೆ ಬಾಗಿ ಕಾಯುತ್ತಿತ್ತು.