ಹಿಂದಕ್ಕೆ ಕೊಟ್ಟ ಕೋಲು

ನಮ್ಮ ಕಿಲ್‌ಬ್ರಾನಿಯಿಂದ ಡ್ರಮ್‌ಕೀರಕ್ಕೆ ಇರುವುದು ಒಂಟಿ ಹಳಿ. ಆ ದಾರಿಯ ಹೆಸರು ಕೆತ್ತಿದ ಕಬ್ಬಿಣದ ಕೋಲು ಯಾವ ಡ್ರೈವರನ ಬಳಿ ಇದೆಯೋ ಅವನ ಗಾಡಿ ಮಾತ್ರ ಅದರ ಮೇಲೆ ಹೋಗಬೇಕು. ಐರ್ಲೆಂಡಿನ ಮಿಕ್ಕವರೆಲ್ಲ ಕಂಪ್ಯೂಟರಿಗೆ ಹೋದರು. ನಮಗೆ ಇನ್ನೂ ಅಜ್ಜನ ಕಾಲದ ಕೋಲೇ ಗತಿ.

ಆ ಮಂಗಳವಾರ ಬೆಳಿಗ್ಗೆ ಡ್ರಮ್‌ಕೀರದ ಸಿಗ್ನಲ್ ಕೋಣೆಯಿಂದ ಗ್ರಾನ್ಯಾ ಕೋಲು ಕೇಳಿದಳು. ಈ ಲೈನ್ ಉಳಿಸಬೇಕೋ ಮುಚ್ಚಬೇಕೋ ಎಂದು ನೋಡಲು ಡಬ್ಲಿನ್ನಿನ ಆರು ಜನ ದೊಡ್ಡವರು ತಪಾಸಣೆ ಗಾಡಿಯಲ್ಲಿ ಬಂದಿದ್ದರು. ಕಿಲ್‌ಬ್ರಾನಿಯ ಸಿಗ್ನಲ್ ಕೋಣೆಯಿಂದ ನಾನು ಒಪ್ಪಿದೆ, ಅವಳ ಯಂತ್ರದಿಂದ ಕೋಲು ಹೊರಬಂತು; ಅದು ಹೊರಗಿರುವ ತನಕ ನನ್ನ ಯಂತ್ರ ಇನ್ನೊಂದನ್ನು ಕೊಡುವುದಿಲ್ಲ. ಇನ್ನು ಅವರು ಇಲ್ಲಿಗೆ ಬಂದು ಮುಟ್ಟುವ ತನಕ ನಾನು ಯಾರನ್ನೂ ಆ ಕಡೆ ಬಿಡುವಂತಿಲ್ಲ.

ಹತ್ತೂವರೆಗೆ ರಾತ್‌ಲಸ್ಕ್ ಕಡೆಯಿಂದ, ಡ್ರಮ್‌ಕೀರಕ್ಕೆ ಹೋಗಬೇಕಿದ್ದ ಡ್ರೈವರ್ ಫಿಂಟನ್‌ನ ಗಾಡಿ ಬಂತು. ಮೂವತ್ತೊಂದು ಜನ. ಅವನು ಕಿಟಕಿಯಿಂದ ಬಗ್ಗಿ, ತಾನು ತಂದ ರಾತ್‌ಲಸ್ಕ್ ಕೋಲನ್ನು ನನ್ನ ಕೈಗಿಟ್ಟ.

“ಡೆಕ್ಲನ್, ಮುಚ್ತಾರಂತೆ ಕಣೋ ನಿನ್ ಲೈನು.”

“ಮುಚ್ಲಿ ನೋಡೋಣ! ಲೈನ್ ಉಳಿಸಿ ಅಂತ ನಾಲ್ಕು ಸಾವಿರ ಸಹಿ ಹಾಕ್ಸಿದೀನಿ.”

“ಆ ಕಾಗದದಲ್ಲಿ ಮೀನು ಕಟ್ಕೊಡ್ತಾರೆ. ಮೊದ್ಲು ನಿನ್ ಸಿಗ್ನಲ್ ರಿಪೇರಿ ಮಾಡ್ಸು, ಈಸ್ಟರ್‌ನಿಂದ ಕೆಟ್ಟು ಕೂತಿದೆ.”

ನನಗೆ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ, ಬಂದ ಗಾಡಿಗೆ ಮುಂದಿನ ದಾರಿಯ ಕೋಲು ಕೊಡುವ ಇಪ್ಪತ್ತಾರು ವರ್ಷದ ಅಭ್ಯಾಸ, ಕೈಯಲ್ಲಿದ್ದ ಕೋಲು ಚಾಚಿದೆ. ಅವನು ನಗುತ್ತಲೇ ತೆಗೆದುಕೊಂಡ. ಕೆಟ್ಟ ಸಿಗ್ನಲಿನ ಬದಲು ಹಸಿರು ಬಾವುಟ ಬೀಸಿದೆ. ಗಾಡಿ ಹೊರಟಿತು.

ಅವನು ತಂದ ಕೋಲನ್ನು ಯಂತ್ರಕ್ಕೆ ಹಾಕಲು ಕೋಣೆಗೆ ಬಂದೆ. ಕೈಯಲ್ಲಿ ಕೋಲಿರಲಿಲ್ಲ. ಅವನದನ್ನೇ ಅವನಿಗೆ ವಾಪಸು ಕೊಟ್ಟಿದ್ದೆ.

ಫಿಂಟನ್‌ಗೆ ಫೋನ್ ಮಾಡಿದೆ. ಊರು ದಾಟಿದರೆ ಹಳಿ ಇಳಿಯುವ ತಗ್ಗಿನಲ್ಲಿ ಯಾವ ಫೋನೂ ಹತ್ತುವುದಿಲ್ಲ. ಡ್ರಮ್‌ಕೀರಕ್ಕೆ ಮಾಡಿದೆ.

“ಗ್ರಾನ್ಯಾ, ತಪಾಸಣೆ ಗಾಡಿ ಬಿಡ್ಬೇಡಮ್ಮ!”

“ಅಯ್ಯೋ, ಅವರು ಹೊರಟು ಆರು ನಿಮಿಷ ಆಯ್ತಲ್ಲ! ಯಾಕೆ?”

“ಫಿಂಟನ್ನೂ ಹೊರಟಿದಾನೆ.”



ಎರಡು ಸ್ಟೇಷನ್‌ಗಳ ನಡುವೆ ಒಂಬತ್ತು ಮೈಲಿ. ಹಳಿ ಸವೆದಿದೆಯೆಂದು ಗಂಟೆಗೆ ಇಪ್ಪತ್ತೈದು ಮೈಲಿ ಮೀರುವಂತಿಲ್ಲ. ಬೇಡವೆಂದರೂ ಮನಸ್ಸು ಲೆಕ್ಕ ಹಾಕಿತು: ಇನ್ನು ಆರೇಳು ನಿಮಿಷ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಅಪಘಾತ ಎಲ್ಲಿ ಆಯಿತು ಎಂದು ಕೇಳಿದರು. “ಇನ್ನೂ ಆಗಿಲ್ಲ,” ಎಂದೆ. ಫಿಂಟನ್‌ನ ಗಾಡಿ ಹೊರಡುವಾಗ ಎರಡನೇ ಬೋಗಿಯಿಂದ ಒಂದು ಮಗು ನನಗೆ ಕೈ ಬೀಸಿತ್ತು. ಗಡಿಯಾರ ಕಾಣದಿರಲಿ ಎಂದು ಗೋಡೆಗೆ ಮುಖ ಮಾಡಿ ನಿಂತೆ. ಪ್ರಾರ್ಥನೆಯ ಮೊದಲ ಸಾಲನ್ನೇ ಹತ್ತು ಸಲ ಹೇಳಿದೆ, ಎರಡನೆಯದು ನೆನಪಾಗಲೇ ಇಲ್ಲ. ಅಂಥ ಹೆದರಿಕೆ ನನ್ನ ಶತ್ರುವಿಗೂ ಬೇಡ.

ಹದಿನೇಳು ನಿಮಿಷದ ಮೇಲೆ ಫೋನ್ ಬಡಿದುಕೊಂಡಿತು. ಎತ್ತಿದೆ.

“ದಿಬ್ಬ ಹತ್ತಿ ಮಾಡ್ತಿದೀನಿ ಕಣೋ.” ಫಿಂಟನ್. “ಕೋಲು ನೇತುಹಾಕೋಕೆ ಹೋದೆ, ರಾತ್‌ಲಸ್ಕ್ ಅನ್ನೋ ಹೆಸರು ಕಣ್ಣಿಗೆ ಬಿತ್ತು. ಗಾಡಿ ನಿಲ್ಸಿ, ಕೆಂಪು ಬಾವುಟ ಹಿಡ್ಕೊಂಡು ಓಡ್ದೆ. ತಪಾಸಣೆಯವ್ರು ನಿಂತ್ರು. ಅರವತ್ತು ಹೆಜ್ಜೆ ಇತ್ತು, ಅಷ್ಟೇ.”

“ಎಲ್ಲರೂ…”

“ಯಾರಿಗೂ ಏನೂ ಆಗಿಲ್ಲ.”

ಬೈಯುತ್ತಾನೆಂದು ಕಾದೆ. ಬೈಯಲಿಲ್ಲ, ಅಳುತ್ತಿದ್ದ.

ಫೋನ್ ಇಡುತ್ತಲೇ ಗ್ರಾನ್ಯಾ ಕರೆದಳು. ಸುದ್ದಿ ಅವಳಿಗೂ ಮುಟ್ಟಿತ್ತು. “ದೇವರು ದೊಡ್ಡವನು,” ಎಂದಳು. ಆಮೇಲೆ ಮೆಲ್ಲಗೆ, “ಮಧ್ಯಾಹ್ನದ ಗಾಡಿಗೆ ಏನ್ ಹೇಳ್ಲಿ?”

ಮೇಜಿನ ಮೇಲಿದ್ದ ಸಹಿಗಳ ಕಟ್ಟನ್ನು ಮಗುಚಿಟ್ಟೆ.

“ಕಳಿಸ್ಬೇಡಮ್ಮ,” ಎಂದೆ. “ಯಾರನ್ನೂ ಕಳಿಸ್ಬೇಡ. ಮುಚ್ಚಿಬಿಡ್ಲಿ.”