ನಲವತ್ತೆಂಟು ಗಂಟೆಯ ಮಾಫಿ

"ಇನ್ನೊಂದು ಚೊಂಬು ಹಾಕಿ ಅಂಕಲ್, ಹೆಗಲಿನ ಮೇಲೆ," ಅಂದ ಅವಿನಾಶ್.

ಮೋಹನರಾಜ ಹಾಕಿದ. ಚೊಂಬು ಅಂದರೆ ಚೊಂಬಲ್ಲ, ಮಕ್ಕಳ ಬರ್ತ್‌ಡೇಗೆ ಜ್ಯೂಸ್ ಕಲಸುವ ಪ್ಲಾಸ್ಟಿಕ್ ಜಗ್ಗು. ಡಾಲಸ್ ಪಕ್ಕದ ಇರ್ವಿಂಗ್‌ನ ಅಂಚಿನಲ್ಲಿದ್ದ, ಅಂತ್ಯಕ್ರಿಯೆ ನಡೆಸುವ ಆ ಫ್ಯೂನರಲ್ ಹೋಮಿನ ಹಿಂಬದಿಯ ಕೋಣೆಯಲ್ಲಿ, ಸ್ಟೀಲ್ ಮೇಜಿನ ಮೇಲೆ ನರಸಿಂಹ ಮಲಗಿದ್ದ. ಎಸಿ ಹೇಗಿತ್ತೆಂದರೆ ಹಿಮಾಲಯದಲ್ಲಿ ನೂರು ವರ್ಷ ತಪಸ್ಸು ಮಾಡಿದ ಸನ್ಯಾಸಿಯೂ ಒಳಗೆ ಬಂದು ಸ್ವೆಟರ್ ಕೇಳಬೇಕು. ಹೊರಗೆ ಅಕ್ಟೋಬರ್ ಬಂದರೂ ಆರದ ಡಾಲಸ್ ಬಿಸಿಲು. ಕಾರಿನ ಬಾನೆಟ್ ಮೇಲೆ ದೋಸೆ ಹುಯ್ದರೆ ಮಗುಚುವ ಕೆಲಸವೇ ಇಲ್ಲ, ಎರಡೂ ಬದಿ ಒಟ್ಟಿಗೆ ಬೇಯುತ್ತಿತ್ತು.

ನರಸಿಂಹನ ಗೆಳೆಯ, ಪ್ಲೇನೋದ ಮೋಹನರಾಜನಿಗೆ ಗೊತ್ತಿಲ್ಲದ ಆಫೀಸು ಟೆಕ್ಸಸ್‌ನಲ್ಲಿ ಇರಲಿಲ್ಲ. ಅವನ ಫೋನು ಎತ್ತದ ಅಧಿಕಾರಿ ಇನ್ನೂ ಹುಟ್ಟಿರಲಿಲ್ಲ. ಹೀಗೆಂದು ಹೇಳುತ್ತಿದ್ದವನು ಅವನೇ. ನಿನ್ನೆ ಮಧ್ಯಾಹ್ನದಿಂದ ಅವನು ಒಂದೇ ಕತೆಯನ್ನು ನೂರ ನಲವತ್ತು ಜನಕ್ಕೆ ಹೇಳಿದ್ದ. ಈಗ ನೂರ ನಲವತ್ತೊಂದನೆಯವನಿಗೆ ಶುರು ಮಾಡಿದ.

"ಇಲ್ಲಿಯ ಕಾನೂನು ಗೊತ್ತೇನೋ ಅವಿ ನಿಂಗೆ? ಸತ್ತ ಮೇಲೆ ನಲವತ್ತೆಂಟು ಗಂಟೆ ಸುಡೋ ಹಾಗಿಲ್ಲ. ಸತ್ತ ಊರಿನ ಜಡ್ಜು ಮಾಫಿ ಬರೆದುಕೊಟ್ರೆ ಮಾತ್ರ ಆಗೋದು. ನಾನೇ ಫೋನ್ ಹಚ್ಚಿದೆ. ಸಾರ್, ನಾವು ಹಿಂದೂಗಳು, ಹೆಣ ಇಟ್ಕೊಂಡು ಕೂರೋದು ನಮ್ಮಲ್ಲಿಲ್ಲ ಅಂದೆ. ಇನ್ನೂ ಮಾತು ಮುಗಿದಿರ್ಲಿಲ್ಲ ಕಣೋ, ಆಯ್ತು ಅಂದ್ಬಿಟ್ಟ! ಹತ್ತೇ ನಿಮಿಷಕ್ಕೆ ಫ್ಯಾಕ್ಸು."

"ಹತ್ತು ನಿಮಿಷಕ್ಕಾ?"

"ಲೈಸೆನ್ಸ್ ಆಫೀಸಲ್ಲಿ ಟೋಕನ್ ಸಿಗೋಕೇ ಎರಡು ಗಂಟೆ ಬೇಕು ಈ ದೇಶದಲ್ಲಿ. ಮಾತಾಡೋ ರೀತೀಲಿ ಮಾತಾಡ್ಬೇಕು, ಅಷ್ಟೇ."

ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನಲ್ಲಿ ಅವಿನಾಶ್ ಚರ್ಮದ ಡಾಕ್ಟರು. ಬೆಳಗಿನ ನಾಲ್ಕಕ್ಕೆ ಎದ್ದು ಡ್ರೈವ್ ಮಾಡಿಕೊಂಡು ಬಂದಿದ್ದ. ಕೈ ತೊಳೆಯಲೆಂದು ನರಸಿಂಹನ ಬಲಗೈ ಎತ್ತಿದವನು ಹಾಗೇ ಹಿಡಿದುಕೊಂಡು ನಿಂತ. ಮೇಜಿನ ಆ ಬದಿಗೆ ಹೋಗಿ ಎಡಗೈಯನ್ನೂ ಎತ್ತಿ ನೋಡಿದ.

ಎರಡೂ ಮಣಿಕಟ್ಟಿನ ಸುತ್ತ ಒಂದೊಂದು ಗೆರೆ. ಶೂ ಲೇಸಿನಷ್ಟು ಅಗಲ, ಕಪ್ಪಿಗೆ ತಿರುಗಿದ ನೇರಳೆ ಬಣ್ಣ, ಒಳಬದಿಯಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಇಷ್ಟು ಹೊತ್ತು ಒಂದಕ್ಕೆ ಹತ್ತು ಸೇರಿಸಿ ಹೇಳಿದ್ದೇನೆ. ಇದಕ್ಕೆ ಏನೂ ಸೇರಿಸಿಲ್ಲ.

"ಹೊಳೆದಂಡೇಲಿ ಕಾಲು ಜಾರಿ ಬಿದ್ರು, ತಲೆಗೆ ಕಲ್ಲು ತಗುಲ್ತು ಅಂತ ತಾನೇ ಜಡ್ಜ್ ಬರೆದಿರೋದು?" ಅಂದ ಅವಿನಾಶ್.

"ಹೂಂ. ಆಕಸ್ಮಿಕ ಅಂತ."

"ಬಂದು ನೋಡಿದ್ನಾ?"

"ಸಣ್ಣ ಊರಲ್ಲಿ ಸಾವಿನ ಕಾರಣ ಬರೆಯೋದು ಜಡ್ಜೇ, ಫೋನಲ್ಲೇ ಮುಗಿಸ್ತಾರಂತೆ ಕಣೋ. ಡಾಕ್ಟರೇನಲ್ಲ ಅವನು. ಮೊದಲು ಟ್ರ್ಯಾಕ್ಟರ್ ಮಾರ್ತಿದ್ದ. ಎಲೆಕ್ಷನ್‌ಗೆ ನಿಂತು ಜಡ್ಜ್ ಆದ."

"ಜಾರಿ ಬಿದ್ದವರಿಗೆ ಹೀಗಾಗಲ್ಲ ಅಂಕಲ್. ವೈರು ಬಿಗಿಯೋ ಹಲ್ಲಿನ ಪ್ಲಾಸ್ಟಿಕ್ ಪಟ್ಟಿ ಹಾಕಿ ಕಟ್ಟಿದಾರೆ. ಜೀವ ಇದ್ದಾಗ. ಇಲ್ಲಿ ನೋಡಿ, ಬಿಡಿಸ್ಕೊಳ್ಳೋಕೆ ಎಳೆದಿದಾರೆ."

ಜಗ್ಗಿನ ನೀರು ಮೋಹನರಾಜನ ಪಂಚೆಯ ಮೇಲೆ ಸುರಿಯುತ್ತಿತ್ತು. ಅದು ಅವನಿಗೆ ಗೊತ್ತಾಗಲಿಲ್ಲ.

*

ಮರ್ಸಿ ಕ್ರಾಸಿಂಗ್ ಎಂಬುದು ಡಾಲಸ್‌ಗೂ ಆಸ್ಟಿನ್‌ಗೂ ನಡುವೆ, ಹೈವೇ ಬಿಟ್ಟು ನಲವತ್ತು ಮೈಲಿ ಒಳಗಿರುವ ಊರು. ಅಲ್ಲಿ ತಲೆಗೊಂದು ಬಂದೂಕು, ನಾಯಿಗೂ ಒಂದು. ಷೆರಿಫ್, ಜಡ್ಜು, ಫೈರ್ ಚೀಫ್, ಕ್ಷೌರದಂಗಡಿಯವನು ಎಲ್ಲರೂ ಒಬ್ಬನಿಗೊಬ್ಬ ಷಡ್ಡಕ. ಎಲ್ಲರ ಮಾವನ ಹಾಗೆ ಕೂತಿದ್ದವನು ಕೌಂಟಿಯ ಆಡಳಿತ ನಡೆಸುವ ಕಮಿಷನರ್ ಬಕ್ ಟಾಲಿವರ್. ಬಕ್ ಸೀನಿದರೆ ಊರಿಗೆ ಊರೇ ಕರವಸ್ತ್ರ ಹುಡುಕುತ್ತಿತ್ತು.

ಧಾರವಾಡದ ನರಸಿಂಹ ಆ ಊರಿಗೆ ಬಂದು ಹನ್ನೊಂದು ವರ್ಷವಾಗಿತ್ತು. ನೆಲ ಅಳೆಯುವ ಸರ್ವೇಯರು. ಅಳೆದ ಜಾಗದ ಮೂಲೆಮೂಲೆಗೆ ಕಬ್ಬಿಣದ ಸಲಾಕೆ ಹೊಡೆದು, ಪಕ್ಕದ ಗಿಡಕ್ಕೆ ಕಣ್ಣು ಕುಕ್ಕುವ ಗುಲಾಬಿ ರಿಬ್ಬನ್ ಕಟ್ಟುವುದು ಅವನ ಕೆಲಸ. ಅಂಗಿಯ ತೋಳು ಮೊಣಕೈತನಕ ಮಡಚಿ, ಎರಡೂ ಜೇಬಿನಲ್ಲಿ ರಿಬ್ಬನ್ ಸುರುಳಿ ತುಂಬಿಕೊಂಡೇ ತಿರುಗುತ್ತಿದ್ದ. ವಾಷಿಂಗ್ ಮೆಷಿನ್ನಿನಲ್ಲಿ ರಿಬ್ಬನ್, ಕಾರಿನ ಸೀಟಿನ ಸಂದಿಯಲ್ಲಿ ರಿಬ್ಬನ್. "ಇವರ ದೆಸಿಯಿಂದ ಸಾರಿನಾಗ ರಿಬ್ಬನ್ ಬರೂದೊಂದು ಉಳದದ ನೋಡ್ರಿ," ಎಂದು ಹೆಂಡತಿ ಕೃಷ್ಣವೇಣಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಈ ವರ್ಷ ಹೊಳೆಯ ತಿರುವಿನಲ್ಲಿ ಬಕ್ ಇನ್ನೂರ ಹನ್ನೆರಡು ಸೈಟು ಮಾಡಿಸಿದ. ನೆರೆ ಬಂದರೂ ಇಲ್ಲಿಗೆ ನೀರು ಏರುವುದಿಲ್ಲ ಎಂಬ ಸರ್ಟಿಫಿಕೇಟಿಗೆ ಸರ್ವೇಯರನ ಸಹಿ ಬೇಕಿತ್ತು. ಆಗಸ್ಟಿನಲ್ಲಿ ಹಾರ್ವಿ ಬಿರುಗಾಳಿ ಬಂದು ಹ್ಯೂಸ್ಟನ್ ಮುಳುಗಿತು. ನರಸಿಂಹ ಅವಿನಾಶನ ಮನೆಗೆ ಹೋಗಿ ನಾಲ್ಕು ದಿನ ಕೊಳೆತ ಗೋಡೆ ಕಿತ್ತುಹಾಕಿದ. ನೀರು ನಿಂತಿದ್ದ ಎತ್ತರಕ್ಕೆ, ಎದೆಯ ಮಟ್ಟಕ್ಕೆ, ಗೋಡೆಯುದ್ದಕ್ಕೂ ಗುಲಾಬಿ ರಿಬ್ಬನ್ ಎಳೆದ. "ಇದನ್ನ ಒಂದು ತಿಂಗಳು ತಗೀಬ್ಯಾಡ," ಅಂದ. ವಾಪಸು ಬಂದವನು ಹೊಳೆದಂಡೆಯನ್ನು ಹೊಸದಾಗಿ ಅಳೆದ. ಬಕ್‌ನ ಕಾಗದಕ್ಕಿಂತ ನೀರಿನ ಗೆರೆ ಹನ್ನೊಂದು ಅಡಿ ಮೇಲಿತ್ತು. ಸೈಟುಗಳೆಲ್ಲ ಅದರ ಕೆಳಗೆ. ನರಸಿಂಹ ಸಹಿ ಹಾಕಲಿಲ್ಲ.

ಮೊದಲು ಬಕ್‌ನ ಕಡೆಯವನೊಬ್ಬ ಪೀಕನ್ ಪೈ ಎಂಬ ಸಿಹಿತಿಂಡಿ ತಂದು ಬಾಗಿಲಲ್ಲಿ ನಕ್ಕು ಹೋದ. ಆಮೇಲೆ ಹೊಸ ಗೆರೆಯ ಸಲಾಕೆಗಳು ಕಾಣೆಯಾದವು. ನರಸಿಂಹ ಮತ್ತೆ ಹೊಡೆದ. ಅವರು ಕಿತ್ತರು. ಇವನು ಹೊಡೆದ. ಏಳು ಸಲ ಆಯಿತು. ಎಂಟನೆಯ ಸಲ, ಅವನು ಅಳತೆಯ ಯಂತ್ರದಿಂದ ಕಣ್ಣು ತೆಗೆದು ನೀರಿನ ಬಾಟಲಿಗೆ ಬಗ್ಗಿದ ಕ್ಷಣದಲ್ಲಿ, ದೂರದ ಪಿಕಪ್ಪಿನಿಂದ ಬಂದ ಗುಂಡಿಗೆ ಮೂರು ಕಾಲಿನ ಮೇಲಿದ್ದ ಯಂತ್ರ ಚೂರುಚೂರಾಯಿತು. ಜಿಂಕೆಗೆ ಇಟ್ಟ ಗುರಿ ತಪ್ಪಿದೆ ಎಂದು ಷೆರಿಫ್ ಬರೆದುಕೊಂಡ.

ಅವತ್ತು ಕೃಷ್ಣವೇಣಿ ಅಡುಗೆಮನೆಯಲ್ಲಿ ಅತ್ತಳು. "ಆಸ್ಟಿನ್ನಿಗೆ ಹೋಗೂಣ್ರಿ. ಮಗಳ ಹತ್ರ ಇರೂಣು."

"ನಾ ಸರಿದ್ರ ಗೆರಿ ಸರೀತದೇನು? ಅದು ಎಲ್ಲಿ ಅದನೋ ಅಲ್ಲೇ ಅದ," ಅಂದ ನರಸಿಂಹ, ಜೇಬಿನಿಂದ ಗಾಜಿನ ಚೂರುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಡುತ್ತ. "ಇನ್ನೂರ ಹನ್ನೆರಡು ಮನಿ, ಅದರಾಗ ಕೂಸುಗಳು ಮಲಗ್ತಾವ. ನಾ ಹ್ಯಾಂಗ ಸಹಿ ಮಾಡ್ಲಿ ಹೇಳು?"

ಗುರುವಾರ ಸಂಜೆ ಹೊಸ ಸಲಾಕೆ ಹಿಡಿದು ಹೊಳೆಗೆ ಹೋದ. ಶುಕ್ರವಾರ ಬೆಳಿಗ್ಗೆ ಸಿಕ್ಕಿದ.

*

"ಆಂಟಿಗೆ ಹೇಳ್ಬೇಕು ಅಂಕಲ್," ಅಂದ ಅವಿನಾಶ್, ಸ್ಟೀಲ್ ಮೇಜಿನ ಪಕ್ಕದಿಂದ. "ಸುಡೋದಕ್ಕೆ ಸೈನ್ ಹಾಕಿರೋದು ಆಂಟಿ. ಅವರು ಬೇಡ ಅಂದ್ರೆ ಮುಗೀತು. ಬೇರೆ ಕಡೆ ಪೋಸ್ಟ್‌ಮಾರ್ಟಂ ಮಾಡಿಸ್ಬಹುದು."

"ಹೊರಗೆ ನೂರೈವತ್ತು ಜನ ಕೂತಿದಾರೆ."

"ಕೂತಿರ್ಲಿ."

"ಆ ಹೆಂಗಸು ಅದೇ ಊರಿಗೆ ವಾಪಸ್ ಹೋಗಿ ಇರ್ಬೇಕು ಕಣೋ! ಒಬ್ಬಳೇ! ನೀನು ಸಂಜೆ ಕಾರ್ ಹತ್ತಿ ಹೊರಟುಹೋಗ್ತೀಯ." ಮೋಹನರಾಜ ಟವೆಲ್ಲಿನಿಂದ ಹೆಣದ ತೋಳು ಒರೆಸಿದ. "ಆ ರೇಷ್ಮೆ ಜುಬ್ಬಾ ತಾ. ತೋಳು ಉದ್ದ ಇರೋದು."

ಇಬ್ಬರೂ ಸೇರಿ ಜುಬ್ಬಾ ಹಾಕಿದರು. ಮೋಹನರಾಜ ತೋಳುಗಳನ್ನು ಬೆರಳಿನ ಬುಡದವರೆಗೆ ಎಳೆದ. ಇನ್ನೊಮ್ಮೆ ಎಳೆದ. ಅವಿನಾಶ್ ಅವನ ಮುಖ ನೋಡಲಿಲ್ಲ.

ಹೊರಗಿನ ಹಾಲ್‌ನಲ್ಲಿ ಕೊನೆಯ ಸಾಲಿನ ಕುರ್ಚಿಯಲ್ಲಿ ಒಬ್ಬ ಬಿಳಿಯ ಕೂತಿದ್ದ. ಮಡಿಲಲ್ಲಿ ಇಟ್ಟುಕೊಂಡ ಹ್ಯಾಟಿನಲ್ಲಿ ಒಂದು ಕರು ಮಲಗಬಹುದಿತ್ತು. ಮೋಹನರಾಜನನ್ನು ಕಂಡು ಎದ್ದು ಬಂದು ಕೈ ಕುಲುಕಿದ. ಆ ದನಿಯನ್ನು ಫೋನಿನಲ್ಲಿ ಕೇಳಿದ ನೆನಪು ಮೋಹನರಾಜನಿಗೆ ಥಟ್ಟನೆ ಬಂತು.

"ಜಡ್ಜ್ ಡೇಲ್ ಹಾರ್ಗಿಸ್," ಅಂದ. "ಕಮಿಷನರ್ ಟಾಲಿವರ್ ಹೂವು ಕಳಿಸಿದ್ದಾರೆ. ಎಲ್ಲ ನಿಮ್ಮ ಪದ್ಧತಿಯಂತೆ ನಡೀತಿದೆ ತಾನೆ?"

"ಹೌದು ಸರ್."

"ಬೆಂಕಿ ಎಷ್ಟು ಗಂಟೆಗೆ?"

"ಹನ್ನೊಂದಕ್ಕೆ."

"ಒಳ್ಳೇದು. ಕೊನೇವರೆಗೂ ಇರ್ತೀನಿ." ಗೋಡೆಯ ಗಡಿಯಾರ ನೋಡಿದ. "ಹನ್ನೊಂದು ಅಂದ್ರಲ್ಲ?"

ನೂರ ಹದಿನೈದು ಮೈಲಿ ಡ್ರೈವ್ ಮಾಡಿ ಬಂದ ಮನುಷ್ಯ ಸತ್ತವನ ಮುಖ ನೋಡಲು ಮುಂದೆ ಹೋಗಲಿಲ್ಲ. ಕುರ್ಚಿಗೆ ಮರಳಿದ. ಮೋಹನರಾಜನ ಕಿವಿಯಲ್ಲಿ ನಿನ್ನೆಯ ಫೋನು ಮತ್ತೆ ಕೇಳಿಸತೊಡಗಿತು: ಸಾರ್, ನಾವು ಹಿಂದೂಗಳು, ನಮ್ಮಲ್ಲಿ... ಆಯ್ತು. ಅವನು ಗೆದ್ದೆನೆಂದುಕೊಂಡಿದ್ದ.

ಮುಂದೆ ಇರ್ವಿಂಗ್‌ನ ಭಟ್ಟರು ಅಕ್ಕಿ ಕಾಳು, ತುಳಸಿ ಕೊಡುತ್ತಿದ್ದರು. ಕೃಷ್ಣವೇಣಿ ಗಂಡನ ಬಾಯಿಗೆ ಹಾಕಿದಳು. ಅಳು ನಿನ್ನೆಯೇ ಮುಗಿದಿತ್ತು. ಮಗಳು ಪ್ರಿಯಂವದಾ ಪಕ್ಕದಲ್ಲಿದ್ದಳು. ಹೆಣ ಸುಡುವ ಒಲೆಯ ಬಟನ್ ಒತ್ತಬೇಕಾದವಳು ಅವಳೇ.

ಕೃಷ್ಣವೇಣಿಯ ಕೈ ತುಳಸಿ ಬಿಟ್ಟು ಜುಬ್ಬಾದ ತುದಿಗೆ ಬಂದು ನಿಂತಿತು.

"ಇಷ್ಟುದ್ದ ತೋಳು ಯಾಕ? ಮದುವ್ಯಾದಾಗಿಂದ ಇವರು ತೋಳು ಮಡಚಲಾರದ ಅಂಗಿ ಹಾಕ್ಕೊಂಡದ್ದ ನಾ ನೋಡಿಲ್ಲ." ಅವಳು ಬಗ್ಗಿ ಮಡಚಲು ಹೋದಳು.

ಮೋಹನರಾಜ ಅವಳ ಕೈ ಹಿಡಿದ. "ಬೇಡ ಅತ್ತಿಗೆ."

"ಯಾಕ?"

"ಇರ್ಲಿ ಬಿಡಿ. ಚೆನ್ನಾಗಿ ಕಾಣ್ತಿದೆ."

"ವಾಟ್ ಈಸ್ ಇಟ್, ಅಂಕಲ್?" ಅಂದಳು ಪ್ರಿಯಂವದಾ.

"ಹೊತ್ತಾಯ್ತು, ಹೊತ್ತಾಯ್ತು," ಅಂದರು ಭಟ್ಟರು. ಗೋಡೆಯಾಚೆ ಒಲೆಯನ್ನು ಆಗಲೇ ಕಾಯಿಸಿಟ್ಟಿದ್ದರು. ಸಾವಿರ ಹುಲಿ ಒಂದೇ ಬೋನಿನಲ್ಲಿ ಗುರುಗುಟ್ಟಿದಂತೆ ಅದರ ಸದ್ದು ನೆಲದೊಳಗಿಂದ ಕಾಲಿಗೆ ಹತ್ತುತ್ತಿತ್ತು. ಕೊನೆಯ ಸಾಲಿನಲ್ಲಿ ಹ್ಯಾಟು ಮಡಿಲಿನಿಂದ ಎದ್ದಿತು. ಜಡ್ಜು ನಿಂತು ಕತ್ತು ಚಾಚಿ ನೋಡುತ್ತಿದ್ದ.

ಮೋಹನರಾಜ ಅವಳ ಕೈ ಬಿಟ್ಟ. ತಾನೇ ಬಗ್ಗಿದ. ರೇಷ್ಮೆಯ ತೋಳನ್ನು ಒಂದು ಸಲ ಮಡಚಿದ, ಎರಡು ಸಲ, ಮೊಣಕೈತನಕ. ಇನ್ನೊಂದು ಬದಿಗೆ ಹೋಗಿ ಅದನ್ನೂ ಮಡಚಿದ.

"ಕಟ್ಟಿಹಾಕಿದಾರೆ ಅತ್ತಿಗೆ," ಅಂದ ಮೋಹನರಾಜ. "ಅರ್ಧ ಗಂಟೆ ಮುಂಚೇನೇ ನಂಗೊತ್ತು. ನಾನೇ ಮುಚ್ಚಿದೆ. ಆ ಮಾಫಿ ಕೇಳಿದ್ದೂ ನಾನೇ. ಕೇಳೋ ಮುಂಚೇನೇ ಜಡ್ಜು ಹೂಂ ಅಂದ. ಯಾಕೆ ಅಂತ ನಾನು ಯೋಚ್ನೆ ಮಾಡ್ಲಿಲ್ಲ."

ಕೃಷ್ಣವೇಣಿ ಅವನನ್ನು ಬೈಯಲಿಲ್ಲ. ಹೆಬ್ಬೆರಳಿನಿಂದ ಆ ಗೆರೆಯನ್ನು ಮುಟ್ಟಿದಳು. ಹಲ್ಲಿನ ಗುರುತುಗಳ ಮೇಲೆ ಬೆರಳು ನಿಧಾನವಾಗಿ ಸುತ್ತು ಬಂತು.

"ಡಾಕ್ಟರ್ರ," ಅಂದಳು, ಅವಿನಾಶನ ಕಡೆ ತಿರುಗದೆಯೇ. "ಸುಟ್ಟ ಮ್ಯಾಲೆ ಇದು ಏನರ ಗೊತ್ತಾಗ್ತದೇನು?"

"ಏನೂ ಗೊತ್ತಾಗಲ್ಲ ಆಂಟಿ."

"ಅಮ್ಮಾ, ಡೂ ವಿ ಸ್ಟಾಪ್?"

"ಹೀಗೆ ಅರ್ಧಕ್ಕೆ ನಿಲ್ಲಿಸಬಾರದಮ್ಮ," ಅಂದರು ಭಟ್ಟರು ಮೆಲ್ಲಗೆ. "ಜೀವ ಅಲೆದಾಡುತ್ತೆ."

"ಅಲೀಲಿ ಬಿಡ್ರಿ. ಅವರು ಜೀವನ ಪೂರ್ತಿ ಅಡ್ಡಾಡಿ ಅಳೆದವರ." ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದ ಫ್ಯೂನರಲ್ ಹೋಮಿನವನ ಹತ್ತಿರ ಹೋಗಿ, ಕೃಷ್ಣವೇಣಿ ತನ್ನ ಸಹಿಯ ಮೇಲೆ ಬೆರಳಿಟ್ಟಳು. "ನೋ ಫೈರ್," ಅಂದಳು. ಅವನಿಗೆ ಅರ್ಥವಾಗಿರಲಾರದೆಂದು ಮತ್ತೊಮ್ಮೆ, "ನೋ ಫೈರ್."

ಜಡ್ಜು ಹಾಲ್‌ನೊಳಗೇ ಹ್ಯಾಟು ತಲೆಗೇರಿಸಿಕೊಂಡು ಹೊರಗೆ ನಡೆದ. ಬಾಗಿಲಾಚೆ ಹೋಗುವಾಗಲೇ ಅವನ ಫೋನು ಕಿವಿಯಲ್ಲಿತ್ತು.

*

ಸಂಜೆ ನಾಲ್ಕಕ್ಕೆ ಪೋಸ್ಟ್‌ಮಾರ್ಟಂಗೆ ಬೇರೆ ಡಾಕ್ಟರು ಬರುತ್ತಾರೆಂದು ಅವಿನಾಶ್ ಹೇಳಿದ. ಅಲ್ಲಿಯವರೆಗೆ ನರಸಿಂಹನನ್ನು ಮತ್ತೆ ತಣ್ಣನೆಯ ಕೋಣೆಗೆ ತಳ್ಳಿಕೊಂಡು ಹೋದರು. ಜನ ಒಬ್ಬೊಬ್ಬರಾಗಿ ಕಾರು ಹತ್ತಿದರು. ಮಕ್ಕಳಿಗೆ ಸಾಕರ್ ಇತ್ತು, ಕೆಲವರಿಗೆ ಫೋನು ಬಂದಿತ್ತು. ಹನ್ನೆರಡರ ಹೊತ್ತಿಗೆ ನೂರೈವತ್ತರಲ್ಲಿ ನಾಲ್ವರು ಉಳಿದರು. ಇದು ನಾನು ಕಡಿಮೆ ಮಾಡಿ ಹೇಳಿದ ಲೆಕ್ಕವಲ್ಲ.

ಊರಿನಿಂದ ಹೆಣದ ಜತೆ ಬಂದ ಪ್ಲಾಸ್ಟಿಕ್ ಚೀಲವನ್ನು ಕೃಷ್ಣವೇಣಿ ಆಗ ಬಿಚ್ಚಿದಳು. ಕನ್ನಡಕ, ನೀರು ಹೊಕ್ಕ ವಾಚು, ಕೆಸರು ಒಣಗಿದ ಒಂದು ರಿಬ್ಬನ್ ಸುರುಳಿ. ಸುರುಳಿಯ ತುದಿಯನ್ನು ಉಗುರಿನಿಂದ ಬಿಡಿಸಿ, ತಣ್ಣನೆ ಕೋಣೆಯ ಬಾಗಿಲ ಹಿಡಿಗೆ ಎರಡು ಗಂಟು ಹಾಕಿದಳು. ಅವನು ಗಿಡಕ್ಕೆ ಹಾಕುತ್ತಿದ್ದಂತೆ. ಅಲ್ಲಿಂದ ಓಣಿಗೆ ಅಡ್ಡಲಾಗಿ ಎದುರು ಗೋಡೆಯ ಕೊಳವೆಯವರೆಗೆ ಎದೆಯ ಮಟ್ಟಕ್ಕೆ ಎಳೆದು ಬಿಗಿದಳು. ಕುರ್ಚಿ ತಂದು ಅದರ ಈಚೆ ಕೂತಳು.

ಮೋಹನರಾಜ ಕಿಟಕಿಯ ಹತ್ತಿರ ನಿಂತಿದ್ದ. ಪಾರ್ಕಿಂಗ್‌ನಲ್ಲಿ ಜಡ್ಜಿನ ಪಿಕಪ್ ಇನ್ನೂ ಹೊರಟಿರಲಿಲ್ಲ. ಅದರ ಪಕ್ಕದಲ್ಲಿ ಈಗ ಇನ್ನೆರಡು ಬಂದು ನಿಂತಿದ್ದವು, ಇಂಜಿನ್ ಆರಿಸದೆ.

"ಒಲೆ ಆರಿಸಲಾ?" ಎಂದು ಕೇಳಿಕೊಂಡು ಫ್ಯೂನರಲ್ ಹೋಮಿನವನು ಓಣಿಯಲ್ಲಿ ಬಂದ. ಎದೆಗೆ ಗುಲಾಬಿ ರಿಬ್ಬನ್ ತಾಗಿದ್ದೇ ಅಲ್ಲೇ ನಿಂತುಬಿಟ್ಟ.