ಮೊಲಗಳಿಗೆ ಕಟ್ಟಿಕೊಟ್ಟ ದಿಬ್ಬ

ಪಕ್ಕದ ಮನೆಯ ಡೆಲ್ಬರ್ಟ್ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವನ ಬಗ್ಗೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದು ಅನುಮಾನ. ನಮ್ಮ ಉತ್ತರ ಮಿನ್ನೆಸೋಟದಲ್ಲಿ ಹಿಮ ಬಿದ್ದ ಬೆಳಿಗ್ಗೆ ಪಕ್ಕದ ಮನೆಯವರ ದಾರಿಯನ್ನು ಕೇಳದೆಯೇ ತೆರವು ಮಾಡಿಕೊಡುವುದು ರೂಢಿ. ಬೇಡ ಎಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಡೆಲ್ಬರ್ಟ್ ತನ್ನ ಹಿಮ ತೂರುವ ಯಂತ್ರವನ್ನು ಗುಡುಗುಡು ಎನಿಸಿಕೊಂಡು ಬರುತ್ತಾನೆ, ನಮ್ಮ ಅಂಗಳದ ಹಿಮವನ್ನೆಲ್ಲ ಎತ್ತಿ ಎಡಕ್ಕೆ ತೂರುತ್ತಾನೆ. ಎಡಕ್ಕಿರುವುದು ನನ್ನ ಕೆಂಪು ಡಾಗ್‌ವುಡ್ ಪೊದೆಗಳು.

ಆ ಪೊದೆಗಳನ್ನು ನಾನು ಚೆಂದಕ್ಕೆಂದು ನೆಟ್ಟವಳಲ್ಲ. ನನ್ನ ಗಂಡ ಸುಲೊನ ದೃಷ್ಟಿ ನಡುವಿನಿಂದ ಮಾಸುತ್ತಾ ಬಂದಿದೆ. ನನ್ನ ಮುಖವೇ ಅವನಿಗೆ ಒರೆಸಿದ ಹಲಗೆಯಂತೆ ಕಾಣುತ್ತದಂತೆ. ಬಿಳಿಯ ಮೇಲೆ ಗಾಢ ಕೆಂಪಿದ್ದರೆ ಇನ್ನೊಂದಷ್ಟು ಕಾಲ ಕಂಡೀತು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ನಮ್ಮಲ್ಲಿ ಬಿಳಿಗೇನು ಬರವೇ, ಅರ್ಧ ವರ್ಷ ಅದೇ. ಕೆಂಪು ಮಾತ್ರ ಬೇಕಿತ್ತು. ಜೌಗಿನ ಪಕ್ಕದ ಚರಂಡಿಯಿಂದ ಬೆರಳುಗಾತ್ರದ ಕಡ್ಡಿಗಳನ್ನು ಕತ್ತರಿಸಿ ತಂದು, ಅವನು ಕೂರುವ ಅಡುಗೆಮನೆಯ ಕಿಟಕಿಯೆದುರು ಊರಿದೆ. ಬೇಸಿಗೆ ಮುಗಿಯುವಾಗ ಬಿಳಿ ಹಣ್ಣು, ಅದಕ್ಕೆ ಹಕ್ಕಿಗಳು. ಎಲೆ ಉದುರಿ ಚಳಿ ಏರಿದ ಹಾಗೆ ಕಡ್ಡಿಗಳೆಲ್ಲ ಕೆಂಪು. ಚರಂಡಿಯಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ ಗಿಡ ಇದು. ನನ್ನ ಅಂಗಳಕ್ಕೆ ಬಂದದ್ದೇ ತಡ, ಇಲ್ಲದ ಗ್ರಹಚಾರವೆಲ್ಲ ಅದಕ್ಕೆ ಗಂಟುಬಿತ್ತು.

ಮೊದಲ ಚಳಿಗಾಲ ಜಿಂಕೆಗಳು ಬುಡದವರೆಗೆ ಮೇಯ್ದವು. ಮರುವರ್ಷ ಗೋಣಿತಾಟು ಸುತ್ತಿದೆ. ಗಿಡ ಉಳಿಯಿತು, ಬಣ್ಣ ಗೋಣಿಯೊಳಗೆ ಉಳಿಯಿತು.

“ಆಲೂಗಡ್ಡೆ ಮೂಟೆ ಕಾಯೋಕೆ ನನ್ನ ಇಲ್ಲಿ ಕೂರ್ಸಿದೀಯಾ?” ಎಂದ ಸುಲೊ.

“ಬಾಯ್ ಮುಚ್ಕೊಂಡು ಕಾಫಿ ಕುಡಿ” ಎಂದೆ.

ಮೂರನೆಯ ವರ್ಷ ಹಟ ಹಿಡಿದೆ. ಹಳೆಯ ಕಡ್ಡಿ ದಪ್ಪವಾದಷ್ಟೂ ಕಂದಾಗುತ್ತದೆ, ಹೊಸ ಚಿಗುರಿಗೇ ಕೆಂಪು ಹೆಚ್ಚು. ಹಾಗಾಗಿ ಹಿಮ ಕರಗುವ ಮುಂಚೆಯೇ ಹಳೆಯದನ್ನೆಲ್ಲ ಬುಡಕ್ಕೆ ಕತ್ತರಿಸಿದೆ. ಎಲೆ ಉದುರುವ ಹೊತ್ತಿಗೆ ಸುತ್ತ ಗೂಟ ಹೊಡೆದು ಎದೆಯೆತ್ತರ ತಂತಿಬಲೆ ಬಿಗಿದೆ. ಬೆರಳೆಲ್ಲ ಗೀರಿಹೋಯಿತು. ನವೆಂಬರಿನ ಮೊದಲ ಹಿಮಕ್ಕೆ ಕಡ್ಡಿಗಳು ಕೆಂಪಗೆ ಎದ್ದು ನಿಂತಾಗ ನನಗೆ ಅಳುವೇ ಬಂತು.

ಆಮೇಲೆ ಡೆಲ್ಬರ್ಟ್ ಬಂದ. ತೂರಿದ ಹಿಮ ಬಲೆಗೆ ಒಳಗೂ ಹೊರಗೂ ಒರಗಿ ದಿಬ್ಬವಾಯಿತು. ಬಲೆ ಎಷ್ಟೆತ್ತರವೋ ದಿಬ್ಬವೂ ಅಷ್ಟೇ ಎತ್ತರ. ಮರುದಿನ ನೋಡಿದರೆ ಅದರ ಮೇಲೆ ಮೊಲದ ಹೆಜ್ಜೆ. ಮೆಟ್ಟಿಲೇರಿದಂತೆ ಏರಿ ಒಳಗೆ ಹಾರಿ, ತಿಂದು, ಮತ್ತೆ ಹೊರಗೆ.

ನಮ್ಮ ಕಡೆಯವರು ನೇರವಾಗಿ ಹೇಳುವುದುಂಟೇ? ನಾನೂ ಸುತ್ತಿ ಬಳಸಿ ಹೇಳಿದೆ. “ಡೆಲ್ಬರ್ಟ್, ನಿಂಗೆ ಎಷ್ಟೊಂದು ತೊಂದ್ರೆ. ಬಲಗಡೆ ಜಾಗ ಸುಮ್ನೆ ಖಾಲಿ ಬಿದ್ದಿದೆ ನೋಡು.”

“ತೊಂದ್ರೆ ಏನ್ ಬಂತು, ಇಂಪಿ. ಬೇಕಾದ್ರೆ ಬಲಗಡೇನೂ ತೆಗೆದುಕೊಡ್ತೀನಿ.”

ಬಲಗಡೆಯ ಹಿಮವನ್ನೂ ಎತ್ತಿ ಎಡಕ್ಕೆ ತೂರಿದ.

ಕೆಲಸ ಮಾಡಿಕೊಟ್ಟವನನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಏಲಕ್ಕಿ ಹಾಕಿ ಹೆಣೆದ, ಪುಲ್ಲ ಎಂಬ ಸಿಹಿ ಬ್ರೆಡ್ ಸುಟ್ಟು ಒಯ್ದು ಕೊಟ್ಟೆ. ಕೊಡುತ್ತಾ, “ಇನ್ನು ಸಾಕು ಮಾರಾಯ, ನಿಂಗೂ ಬೆನ್ನು ನೋವು” ಎಂದೆ. ಅವನಿಗೆ ಕಂಡದ್ದು ಬ್ರೆಡ್ ಮಾತ್ರ. ಮರುದಿನದಿಂದ ಹಿಮ ಚಿಟಿಕೆ ಬಿದ್ದರೂ ಹಾಜರು. ಅವನು ಬಂದಷ್ಟೂ ನಾನು ಬ್ರೆಡ್ ಸುಡಬೇಕು, ನಾನು ಸುಟ್ಟಷ್ಟೂ ಅವನು ಬರಬೇಕು. ನಾನೇ ಹಿಟ್ಟು ನಾದಿ ಮೊಲಗಳನ್ನು ಸಾಕಿದಂತಾಯಿತು. ಮೈ ಪರಚಿಕೊಳ್ಳುವಷ್ಟು ಸಿಟ್ಟು, ಮುಖದಲ್ಲಿ ಮಾತ್ರ ನಗು.

ಜನವರಿಯ ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಕೆಂಪೇ ಇಲ್ಲ. ಕೋಟು ಏರಿಸಿಕೊಂಡು ಹೊರಗೋಡಿದೆ. ತೊಗಟೆ ಸುಲಿದ ಬಿಳಿ ಮೋಟುಗಳು ಹಿಮದಿಂದ ಇಷ್ಟಿಷ್ಟೇ ಹೊರಗಿದ್ದವು. ಅದೇ ಹೊತ್ತಿಗೆ ಯಂತ್ರದ ಸದ್ದು.

“ನಿಲ್ಸು ಅದನ್ನ” ಎಂದೆ.

ಅವನು ಯಂತ್ರ ಆರಿಸಿದ. ನಾನು ಎಲ್ಲವನ್ನೂ ಹೇಳಿದೆ. ಸುಲೊನ ಕಣ್ಣು, ಡಾಕ್ಟರು ಹೇಳಿದ್ದು, ದಿಬ್ಬ, ಮೊಲ, ಎಲ್ಲ. ಇಷ್ಟು ವರ್ಷದಲ್ಲಿ ಒಬ್ಬ ಹೊರಗಿನವನೊಡನೆ ಅಷ್ಟು ನೆಟ್ಟಗೆ ಮಾತಾಡಿದ್ದು ಅದೇ ಮೊದಲು.

ಡೆಲ್ಬರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಮೊದಲ್ನೇ ದಿನಾನೇ ಹೇಳ್ಬಾರ್ದಿತ್ತಾ, ಇಂಪಿ? ಒಂದ್ ಮಾತು. ನಿಮ್ಮ ಬ್ರೆಡ್ ತಿಂದ್ಕೊಂಡು ನಾನು...” ಮಾತು ಮುಗಿಸದೆ ಯಂತ್ರವನ್ನು ತಳ್ಳಿಕೊಂಡೇ ಹೋದ.

ಅವನನ್ನು ನೋಯಿಸಿದೆ, ಗಿಡವೂ ಹೋಯಿತು. ಇನ್ನು ಸುಲೊಗೆ ಹೇಗೆ ಹೇಳುವುದು? ಬಾಯೊಳಗೇ ಮಾತು ಜೋಡಿಸಿಕೊಳ್ಳುತ್ತಾ ಒಳಗೆ ಬಂದೆ. ಅವನು ಕಿಟಕಿಯ ಬಳಿ ಕಾಫಿ ಹಿಡಿದು ಕೂತಿದ್ದ, ಮುಖ ಗಾಜಿನ ಕಡೆ.

“ಈ ವರ್ಷ ಒಳ್ಳೇ ಬಣ್ಣ ಬಂದಿದೆ, ಇಂಪಿ” ಎಂದ. “ಬೇಲಿಯುದ್ದಕ್ಕೂ ಕೆಂಪು.”

ನಾನು ಕೋಟು ಬಿಚ್ಚದೆ ನಿಂತೆ.

“ಸುಲೊ, ಅಲ್ಲೇನೂ ಇಲ್ಲ. ಮೊಲ ತಿಂದು ಮುಗಿಸಿವೆ.”

ಅವನು ಮೇಜನ್ನು ತಡಕಿ ಲೋಟ ಇಟ್ಟ.

“ಯಾವಾಗಿಂದ ಕಾಣ್ತಿಲ್ಲ, ಕೆಂಪು?” ಎಂದೆ.

“ಚಳಿ ಶುರುವಾಗೋಕ್ ಮುಂಚೆಯಿಂದ. ನನ್ನ ಕೆಂಪು ಅಂಗಿ ಕಂದಾಗಿ ಕಾಣ್ತು. ನೀನು ಅವತ್ತು ತಂತಿ ಬಿಗೀತಾ ಇದ್ದೆ. ಕೈ ಗೀರಿಕೊಂಡು ನರಳ್ತಾ ಇದ್ದೆ. ಹೇಗೆ ಹೇಳ್ಲಿ?”

“ಹೇಗಾದ್ರೂ ಹೇಳ್ಬೇಕಿತ್ತು. ಕತ್ತೆ ಹಾಗೆ ದುಡಿದೆನಲ್ಲೋ ನಾನು, ಅದೂ ಯಾರಿಗೋಸ್ಕರ?”

“ಅದಕ್ಕೇ ಹೇಳ್ಲಿಲ್ಲ.”

ಅವನ ಲೋಟ ಎತ್ತಿ ಗೋಡೆಗೆ ಬೀಸಬೇಕು ಎನಿಸಿತು. ಡೆಲ್ಬರ್ಟ್ ಮೇಲೆ, ಮೊಲಗಳ ಮೇಲೆ, ಈ ಮನುಷ್ಯನ ಮೇಲೆ, ಎಲ್ಲರ ಮೇಲೂ ಉರಿದೆ. ಬೀಸಲಿಲ್ಲ. ಅವನ ಪಕ್ಕದ ಕುರ್ಚಿ ಎಳೆದು ಕೂತೆ.

“ಈಗ ಇದಾವಾ ಅಲ್ಲಿ, ಮೊಲ?” ಎಂದು ಕೇಳಿದ.

ನೋಡಿದೆ. ದಿಬ್ಬದ ಮೇಲೆ ಒಂದು ಕೂತಿತ್ತು.

“ಒಂದಿದೆ.”

“ಏನ್ ಮಾಡ್ತಿದೆ?”

“ಕೊನೇ ಮೋಟು ಕಡೀತಿದೆ, ದರಿದ್ರದ್ದು. ಒಂದ್ ಕಿವಿ ತುದಿ ಹರಿದಿದೆ. ಮುಂಗಾಲು ಮಡಚ್ಕೊಂಡು, ಊಟಕ್ಕೆ ಕರೆಸ್ಕೊಂಡೋರ ಹಾಗೆ ಕೂತಿದೆ.”

“ಇನ್ನೂ ಹೇಳು” ಎಂದ ಸುಲೊ.

ಹಲ್ಲು ಕಚ್ಚಿಕೊಂಡೇ ಹೇಳುತ್ತಾ ಹೋದೆ.